ಕೊರತೆ ಕಟ್ಟಿದ ಕೂಟ

೨೦೦೭ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಮುಂಬಯಿಯ ಪವಾಯಿ ಸರೋವರದ ಬಳಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯು ತನ್ನ ಹದಿಮೂರು ವಿದ್ಯಾರ್ಥಿನಿಲಯಗಳಿಗೂ ಅನ್ವಯಿಸುವಂತಹ ವಿಲಕ್ಷಣವಾದ ಕಟ್ಟಳೆಯೊಂದನ್ನು ಜಾರಿಗೆ ತಂದಿತು. ರಾತ್ರಿ ಹನ್ನೊಂದು ಗಂಟೆಯಿಂದ ಮೊದಲುಗೊಂಡು ಮರುದಿನ ಮಧ್ಯಾಹ್ನ ಹನ್ನೆರಡೂವರೆಯವರೆಗೆ ವಿದ್ಯಾರ್ಥಿಗಳ ಕೊಠಡಿಗಳಿಗೆ ಅಂತರ್ಜಾಲದ ಸಂಪರ್ಕವಿರತಕ್ಕದ್ದಲ್ಲ ಎಂಬುದೇ ಆ ಕಟ್ಟಳೆ. ದೇಶದ ಕುಶಾಗ್ರಮತಿಗಳಾದ ತರುಣರನ್ನು ಆರಿಸಿ ತಂದು, ಗಣಕಯಂತ್ರದ ಶಾಸ್ತ್ರವನ್ನೂ ಅವರಿಗೆ ಬೋಧಿಸಿ, ಅದರ ಬಲದಿಂದ ಲೋಕಪ್ರಸಿದ್ಧಿಯನ್ನು ಗಳಿಸಿದ್ದ ವಿದ್ಯಾಪೀಠವೊಂದು ಆ ಯಂತ್ರದ ತಂತಿಯನ್ನು ತಾನೇ ಕತ್ತರಿಸಹೊರಟಿತೆಂಬ ವಾರ್ತೆ ದೇಶವಿದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅಧಿಕಾರಿಗಳು ಕೊಟ್ಟ ಕಾರಣಗಳಲ್ಲಿ ಕೆಲವು ಯಾವ ಕಾಲದ ಯಾವ ವಾರ್ಡನರಾದರೂ ಹೇಳಬಹುದಾದಂಥವು: ಹುಡುಗರು ರಾತ್ರಿಯೆಲ್ಲ ಗಣಕದ ಆಟಗಳಲ್ಲಿ ಎಚ್ಚತ್ತಿರುವರು, ಬೆಳಗಿನ ತರಗತಿಗಳಿಗೆ ಬಾರದಿರುವರು, ವ್ಯಾಸಂಗವು ಕುಂದುತ್ತಿದೆ, ಇತ್ಯಾದಿ. ಆದರೆ ಇನ್ನೊಂದು ಕಾರಣವು ಹೊಸದಾಗಿತ್ತು. ತನ್ನ ಕೋಣೆಯಿಂದ ಎರಡು ಬಾಗಿಲುಗಳಾಚೆ ಯಾರು ವಾಸಿಸುತ್ತಿರುವರೆಂಬುದೇ ಈಗಿನ ವಿದ್ಯಾರ್ಥಿಗೆ ತಿಳಿಯದು. ಹಿಂದಿನ ವಿದ್ಯಾರ್ಥಿನಿಲಯದ ಒಡನಾಟವೂ ಸಖ್ಯವೂ ಅಳಿದುಹೋಗಿವೆ. ಈ ಏಕಾಂತವು ಕೆಲವರನ್ನು ವಿಷಾದದ ಅಂಚಿಗೂ ದೂಡುತ್ತಿದೆ. ಆದುದರಿಂದ ತಂತಿಯನ್ನು ತುಂಡರಿಸಿದರೆ ಹುಡುಗರು ಬಾಗಿಲು ತೆರೆದು ಹೊರಕ್ಕೆ ಬಂದಾರು, ಎಂಬುದಾಗಿ ಅವರು ತರ್ಕಿಸಿದರು. ವಿದ್ಯಾರ್ಥಿಗಳಿಗೆ ಇದು ರುಚಿಸಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಕಟ್ಟಳೆಯನ್ನು ಹಾಸ್ಯಮಾಡುವುದು ಸುಲಭ. ಅಷ್ಟೇ ಸುಲಭವಾಗಿ ಅದನ್ನು ಕೊಂಡಾಡುವವರೂ ಉಂಟು. ನನಗೆ ಕುತೂಹಲವಿರುವುದು ಅದರ ಒಳಗೆ ಅಡಗಿರುವ ಒಂದು ಗ್ರಹಿಕೆಯ ವಿಷಯದಲ್ಲಿ. ತರುಣರು ಒಂದೆಡೆ ಸೇರಿ ನಕ್ಕು ನಲಿಯುವುದು ಅವರ ಸಹಜಸ್ಥಿತಿ, ಯಂತ್ರವು ಆ ಸ್ಥಿತಿಗೆ ಅಡ್ಡವಾಗಿ ಬಂದಿರುವ ವಿಘ್ನ, ವಿಘ್ನವನ್ನು ತೊಲಗಿಸಿದೊಡನೆ ಸಹಜಸ್ಥಿತಿಯು ತಾನಾಗಿಯೇ ಮರಳುತ್ತದೆ ಎಂಬುದು ಆ ಗ್ರಹಿಕೆ. ಕಾಲೇಜಿನ ಜೀವನವನ್ನು ಕುರಿತು ಇಂದು ನಾವು ಕೇಳುವ ವಿಲಾಪಗಳೆಲ್ಲ ಬಹುಮಟ್ಟಿಗೆ ಇದೇ ಅಡಿಪಾಯದ ಮೇಲೆ ನಿಂತಿವೆ. ಆದರೆ ಹಿಂದಿನ ಸಖ್ಯವು ಯಾವುದರಿಂದ ನಿರ್ಮಿತವಾಗಿತ್ತೆಂದು ವಿಚಾರಿಸಿದರೆ ಬೇರೊಂದು ಉತ್ತರವು ದೊರೆಯುವಂತೆ ತೋರುತ್ತದೆ. ಅದನ್ನು ಕಟ್ಟಿದ್ದು ಸ್ನೇಹಗುಣಕ್ಕಿಂತ ಹೆಚ್ಚಾಗಿ ಕೊರತೆ.

ಒಂದು ವಿದ್ಯಾರ್ಥಿನಿಲಯಕ್ಕೆ ಬರುತ್ತಿದ್ದ ವೃತ್ತಪತ್ರಿಕೆಗಳು ಎರಡೋ ಮೂರೋ. ಓದುವವರು ನೂರು ಜನ. ಒಬ್ಬನು ಹಾಳೆಯ ಮುಂಭಾಗವನ್ನು ಹಿಡಿದು ಕುಳಿತಿದ್ದರೆ ಇನ್ನೊಬ್ಬನು ಹಿಂಬದಿಯಲ್ಲಿ ಅಚ್ಚಾದ ಆಟೋಟದ ಸುದ್ದಿಯನ್ನು ಕತ್ತು ಡೊಂಕುಮಾಡಿಕೊಂಡು ಓದಬೇಕಾಗಿತ್ತು. ಓದಿದುದರ ಮೇಲೆ ವಾಗ್ವಾದವು ಅಲ್ಲಿಂದಲೇ ಮೊದಲಾಗುತ್ತಿತ್ತು. ಕೇರಂ ಹಲಗೆಯು ಒಂದೇ ಆದುದರಿಂದ ಆಡುವವರು ನಾಲ್ವರು, ಸರದಿಗಾಗಿ ಕಾಯುತ್ತ ನಿಂತು ಆಟವನ್ನು ವಿಮರ್ಶಿಸುವವರು ಹದಿನಾಲ್ವರು. ದೂರವಾಣಿಯು ವಾರ್ಡನರ ಕಚೇರಿಯಲ್ಲಿತ್ತು. ಯಾವನಿಗಾದರೂ ಮನೆಯಿಂದ ಕರೆ ಬಂದರೆ ಆಳು ಅವನ ಹೆಸರನ್ನು ಹಜಾರದುದ್ದಕ್ಕೂ ಕೂಗಿಕೊಂಡು ಬರುತ್ತಿದ್ದನಾಗಿ, ಸುದ್ದಿಯು ಒಳ್ಳೆಯದೋ ಕೆಟ್ಟದೋ ಎಂಬುದು ಅವನು ಮರಳಿ ಕೋಣೆಗೆ ಬರುವ ಮೊದಲೇ ಅರ್ಧ ನಿಲಯಕ್ಕೆ ಗೊತ್ತಾಗಿರುತ್ತಿತ್ತು. ಆಮೇಲೆ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ಹನ್ನೊಂದು ದಾಟಿದ ಬಳಿಕ ಕರೆಯ ದರವು ಕಾಲು ಪಾಲಿಗೆ ಇಳಿಯುತ್ತಿದ್ದುದರಿಂದ, ಊರು ಮಲಗಿದ ಹೊತ್ತಿನಲ್ಲಿ ಪರಸ್ಥಳದ ಹುಡುಗರು ಬೂತಿನ ಮುಂದೆ ಸಾಲುಗಟ್ಟಿ ನಿಂತು ಪರಸ್ಪರರ ತಾಯ್ತಂದೆಗಳ ಕ್ಷೇಮಸಮಾಚಾರವನ್ನು ಇಷ್ಟವಿದ್ದೋ ಇಲ್ಲದೆಯೋ ಕೇಳಿಸಿಕೊಳ್ಳುತ್ತಿದ್ದರು. ಪವಾಯಿಯಲ್ಲಿ ತಂತಿಯು ನಿರ್ಜೀವವಾಗತೊಡಗಿದ್ದು ಹನ್ನೊಂದು ಗಂಟೆಗೆ. ಅದಕ್ಕೆ ಹತ್ತು ಹದಿನೈದು ವರ್ಷಗಳ ಹಿಂದೆ ದೇಶದ ತಂತಿಗಳೆಲ್ಲ ಜೀವ ತಳೆಯುತ್ತಿದ್ದುದೂ ಅದೇ ಹನ್ನೊಂದು ಗಂಟೆಗೆ.

ದೂರದರ್ಶನದ ಪೆಟ್ಟಿಗೆಯೂ ಹಾಗೆಯೇ. ೧೯೯೬ನೆಯ ಮಾರ್ಚ್ ೯ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯ ನಡೆದು, ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟಿನಿಂದ ಬೆದರಿಕೆಯ ಸನ್ನೆ ಮಾಡಿದ ಮರು ಎಸೆತದಲ್ಲಿಯೇ ವೆಂಕಟೇಶ ಪ್ರಸಾದರು ಅವನ ವಿಕೆಟ್ಟನ್ನು ಬೀಳಿಸಿದಾಗ, ವಿದ್ಯಾರ್ಥಿನಿಲಯಗಳ ಸಾಮಾನ್ಯ ಕೊಠಡಿಗಳಲ್ಲಿ ಎದ್ದ ಕೂಗನ್ನು ಆ ಪೀಳಿಗೆಯವರು ಇಂದಿಗೂ ಬಣ್ಣಿಸುವುದುಂಟು. ಆ ಕೂಗಿಗೆ ಕಾರಣರು ಪ್ರಸಾದರು ನಿಶ್ಚಯ. ಆದರೆ ಅದು ಒಟ್ಟಿಗೆ ಎದ್ದುದಕ್ಕೆ ಪೆಟ್ಟಿಗೆಯು ಒಂದೇ ಇದ್ದುದು ಕಾರಣ.

ಇನ್ನೂ ಹಿಂದಕ್ಕೆ ಸರಿದರೆ ನಮ್ಮ ಸೀಮೆಯ ವಾರಾನ್ನದ ಪದ್ಧತಿಯನ್ನು ನೆನೆಯಬೇಕಾಗುತ್ತದೆ. ಹಳ್ಳಿಯಿಂದ ಓದಲು ಪಟ್ಟಣಕ್ಕೆ ಬಂದ ಬಡಹುಡುಗನು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಊಟ ಮಾಡುತ್ತಿದ್ದನು. ಒಂದು ವಾರಕ್ಕೆ ಮನೆ ಸಿಕ್ಕದಿದ್ದರೆ ಆ ದಿನ ತಣ್ಣೀರೇ ಗತಿ. ಏಳು ಮನೆಗಳಲ್ಲಿ ಉಂಡವನಿಗೆ ಆ ಏಳು ಮನೆಗಳ ಮಗಳ ಮದುವೆ, ಅಜ್ಜಿಯ ಕಾಯಿಲೆ, ಅಣ್ಣತಮ್ಮಂದಿರ ಪಾಲುಪಾರೀಕತ್ತು ಎಲ್ಲವೂ ತಿಳಿಯುತ್ತಿದ್ದವು. ಯಜಮಾನರಿಗೆ ಅಂಚೆ ಹಾಕಿ ಬರುವುದು, ಅಮ್ಮನವರಿಗೆ ತರಕಾರಿ ತಂದುಕೊಡುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಅವನ ಪಾಲಿನ ಕೆಲಸಗಳಾಗುತ್ತಿದ್ದವು. ವಿದ್ಯಾರ್ಥಿಯು ಊರಿನ ಜೀವನದಲ್ಲಿ ಇದಕ್ಕಿಂತ ಆಳವಾಗಿ ಬೆರೆತ ಬೇರೊಂದು ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಹಾಗೆಂದು ಅದು ಮರಳಲೆಂದು ಹಾರೈಸುವವರು ಯಾರು? ಅದರ ಒಂದೊಂದು ತುತ್ತಿನಲ್ಲಿಯೂ ಹಂಗಿತ್ತು. ಉಣಬಡಿಸುವ ಕೈಗೆ ಉಣ್ಣುವವನ ಜಾತಿಯು ಮೊದಲೇ ಗೊತ್ತಿರಬೇಕಾಗಿತ್ತು. ಕೊರತೆಯು ಕೂಟವನ್ನು ಕಟ್ಟುವಾಗ ಎಂತಹ ಬೆಲೆಯನ್ನು ವಸೂಲು ಮಾಡುತ್ತದೆಂಬುದನ್ನು ನಮ್ಮ ವಿಲಾಪಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೆಸ್ಸಿನ ಮೇಜಿನ ಸುತ್ತ ಕೂಡಿದ ಇಂತಹ ಕೂಟವೊಂದು ರಾಜಕೀಯ ಚರಿತ್ರೆಯನ್ನೇ ಬದಲಾಯಿಸಿದ ಪ್ರಸಂಗವೂ ನಮ್ಮ ದೇಶದಲ್ಲಿ ಉಂಟು. ೧೯೭೩ನೆಯ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಊಟದ ವೆಚ್ಚವನ್ನು ನೂರಕ್ಕೆ ಇಪ್ಪತ್ತರಷ್ಟು ಏರಿಸಿದರು. ಬೇಳೆ ಎಣ್ಣೆಗಳ ಬೆಲೆ ಗಗನಕ್ಕೇರಿದ್ದ ಕಾಲ ಅದು. ತಟ್ಟೆಯ ಮುಂದೆ ಹುಟ್ಟಿದ ರೋಷವು ಕಾಲೇಜಿನಿಂದ ಕಾಲೇಜಿಗೆ, ಕಾಲೇಜಿನಿಂದ ಪೇಟೆಗೆ ಹಬ್ಬಿ ನವನಿರ್ಮಾಣ ಚಳವಳಿಯೆಂದು ಪ್ರಸಿದ್ಧವಾಯಿತು; ೧೯೭೪ನೆಯ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆಯನ್ನು ಕೊಡಬೇಕಾಯಿತು; ಮರುತಿಂಗಳು ವಿಧಾನಸಭೆಯೇ ವಿಸರ್ಜಿತವಾಯಿತು. ಜಯಪ್ರಕಾಶ ನಾರಾಯಣರಿಗೆ ವಿದ್ಯಾರ್ಥಿಗಳ ಶಕ್ತಿಯ ಮೇಲೆ ಭರವಸೆ ಹುಟ್ಟಿಸಿದ ಘಟನೆಗಳಲ್ಲಿ ಇದೊಂದು. ಅಲ್ಲಿ ಯಂತ್ರವಿರಲಿಲ್ಲ, ಎಲ್ಲರೂ ಒಂದೇ ಬಿಲ್ಲನ್ನು ತೆರಬೇಕಾಗಿದ್ದ, ಒಂದೇ ಸಾರನ್ನು ಉಣ್ಣಬೇಕಾಗಿದ್ದ ನಿರ್ಬಂಧವಿತ್ತು. ಇಂದಿನ ವಿದ್ಯಾರ್ಥಿಗೆ ಮೆಸ್ಸಿನ ಊಟ ಸೇರದಿದ್ದರೆ ಫೋನಿನ ಮೇಲೆ ಬೆರಳಾಡಿಸಿ ಬಿರಿಯಾನಿಯನ್ನು ಬಾಗಿಲಿಗೆ ತರಿಸಿಕೊಳ್ಳುತ್ತಾನೆ. ಕುಂದುಕೊರತೆಗೆ ಪ್ರತಿಯೊಬ್ಬನೂ ಪ್ರತ್ಯೇಕವಾಗಿ ಪರಿಹಾರವನ್ನು ಕೊಂಡುಕೊಳ್ಳಬಹುದಾದಲ್ಲಿ ಚಳವಳಿಗೆ ಆಸ್ಪದವು ಕಡಿಮೆ. ಯಂತ್ರವು ಕಾಲೇಜಿನ ಸಾರ್ವಜನಿಕ ಜೀವನಕ್ಕೆ ಮಾಡಿದ ಅತ್ಯಂತ ದೊಡ್ಡ ಬದಲಾವಣೆಯು ಇದೇ ಇರಬಹುದು; ಆದರೂ ಆಟಗಳನ್ನೂ ಚಿತ್ರಗಳನ್ನೂ ದೂರುವವರ ಬಾಯಲ್ಲಿ ಇದು ಬರುವುದು ಅಪರೂಪ.

ಇಷ್ಟು ಹೇಳಿದ ಮೇಲೆ ಹಳೆಯ ಕೂಟದ ಹೊರಗೆ ಯಾರು ಉಳಿದಿದ್ದರೆಂಬುದನ್ನೂ ಕೇಳಬೇಕಷ್ಟೆ. ನಮ್ಮ ನಾಡಿನ ಪಟ್ಟಣಗಳಲ್ಲಿ ಒಂದೊಂದು ಜನಾಂಗದ ಸಂಘವೂ ತನ್ನ ಮಕ್ಕಳಿಗಾಗಿ ಒಂದೊಂದು ವಿದ್ಯಾರ್ಥಿನಿಲಯವನ್ನು ಕಟ್ಟಿತು. ಅವುಗಳು ಮಾಡಿದ ಉಪಕಾರವು ಅಪಾರ. ಅವಿಲ್ಲದಿದ್ದರೆ ಸಹಸ್ರಾರು ಹಳ್ಳಿಯ ಹುಡುಗರಿಗೆ ಕಾಲೇಜಿನ ಮೆಟ್ಟಿಲೇ ದುರ್ಲಭವಾಗುತ್ತಿತ್ತು. ಆದರೆ ಅಲ್ಲಿ ಬೆಳೆದ ಸಖ್ಯವು ಬಹುಪಾಲು ಸ್ವಜನರೊಳಗಿನ ಸಖ್ಯವೇ ಆಗಿತ್ತು. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಪಟ್ನಮ್‌ರು ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯರನ್ನು ಕೂಡಿಸುವ ಸಂಬಂಧಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸುತ್ತಾರೆ: ಒಂದು, ತನ್ನಂತಹವರನ್ನು ತನ್ನೊಡನೆ ಬಿಗಿಯಾಗಿ ಬೆಸೆಯುವುದು, ಇನ್ನೊಂದು, ತನ್ನಂತಲ್ಲದವರ ಕಡೆಗೆ ಸೇತುವೆ ಹಾಕುವುದು. ಹಳೆಯ ವಿದ್ಯಾರ್ಥಿನಿಲಯವು ಬೆಸುಗೆಯ ಕಾರ್ಯದಲ್ಲಿ ಅಸಮಾನವಾಗಿತ್ತು. ಸೇತುವೆಯ ಕಾರ್ಯದಲ್ಲಿ ಅಷ್ಟಕ್ಕಷ್ಟೆ. ಹೆಣ್ಣುಮಕ್ಕಳ ವಿಚಾರವಂತೂ ಹೇಳುವುದೇ ಬೇಡ. ದೀಪ ಹಚ್ಚುವ ಹೊತ್ತಿಗೆ ಅವರ ನಿಲಯದ ಬಾಗಿಲಿಗೆ ಬೀಗ ಬೀಳುತ್ತಿತ್ತು. ನಾಟಕದ ತಾಲೀಮು, ಗ್ರಂಥಾಲಯದ ರಾತ್ರಿಯ ಓದು, ಚಹದಂಗಡಿಯ ಮುಂದಿನ ತರ್ಕಗೋಷ್ಠಿ, ಇವುಗಳನ್ನೆಲ್ಲ ಒಳಗೊಂಡ ಕಾಲೇಜಿನ ಜೀವನವು ಪ್ರಾರಂಭವಾಗುತ್ತಿದ್ದುದು ಆ ಬೀಗ ಬಿದ್ದ ಮೇಲೆ. ೨೦೧೫ರಲ್ಲಿ ದಿಲ್ಲಿಯ ವಿದ್ಯಾರ್ಥಿನಿಯರು ಈ ಬೀಗದ ವಿರುದ್ಧ ‘ಪಿಂಜ್ರಾ ತೋಡ್’ (ಪಂಜರವನ್ನು ಮುರಿ) ಎಂದು ಕೂಗೆಬ್ಬಿಸಿದಾಗ, ಪಂಜರದಿಂದ ಪಂಜರಕ್ಕೆ ಸುದ್ದಿಯನ್ನು ಮುಟ್ಟಿಸಿದ ಸಾಧನಗಳಲ್ಲಿ ಅವರ ಕೈಯ ಫೋನೂ ಒಂದಾಗಿತ್ತು. ಹುಡುಗನ ಪಾಲಿಗೆ ಯಾವುದು ಅಂಗಳದಿಂದ ಕೋಣೆಯೊಳಕ್ಕೆ ಸೆಳೆಯುವ ಹಗ್ಗವಾಯಿತೋ ಅದೇ ಹುಡುಗಿಯ ಪಾಲಿಗೆ ಕೋಣೆಯಿಂದ ಅಂಗಳಕ್ಕೆ ತೆರೆದ ಗವಾಕ್ಷಿಯಾಯಿತು. ಪವಾಯಿಯ ಅಧಿಕಾರಿಗಳ ತರ್ಕದಲ್ಲಿ ಈ ಭೇದಕ್ಕೆ ಸ್ಥಾನವಿದ್ದಂತೆ ಕಾಣುವುದಿಲ್ಲ.

ಯಂತ್ರವು ತಾನಾಗಿಯೇ ಮನುಷ್ಯನನ್ನು ಒಂಟಿಯಾಗಿಸುತ್ತದೆಯೋ ಎಂಬ ಪ್ರಶ್ನೆಗೆ ಅಮೆರಿಕದ ಕಾಲೇಜುಗಳ ಅನುಭವವು ಸ್ವಲ್ಪ ಬೆಳಕು ಚೆಲ್ಲುತ್ತದೆ. ಅಲ್ಲಿ ಈ ಪ್ರಯೋಗವು ನಮಗಿಂತ ಬಹಳ ಮುಂಚೆ ನಡೆಯಿತು. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿರುವ ಡಾರ್ಟ್‌ಮತ್ ಕಾಲೇಜು, ೧೯೬೪ರಲ್ಲಿ ಬೇಸಿಕ್ ಎಂಬ ಗಣಕಭಾಷೆಯು ಜನಿಸಿದ ಸ್ಥಳ. ಎಂಬತ್ತರ ದಶಕದಲ್ಲಿಯೇ ಆ ಕಾಲೇಜು ತನ್ನ ವಿದ್ಯಾರ್ಥಿನಿಲಯಗಳಿಗೆ ತಂತಿಯನ್ನೆಳೆದು, ಅದೇ ದಶಕದ ಕೊನೆಯಲ್ಲಿ ಬ್ಲಿಟ್ಸ್‌ಮೇಲ್ ಎಂಬ ಅಂಚೆಯ ವ್ಯವಸ್ಥೆಯನ್ನು ತನ್ನವರಿಗಾಗಿ ತಾನೇ ರಚಿಸಿಕೊಂಡಿತು. ಗ್ರಂಥಾಲಯದಲ್ಲಿಯೂ ಇತರ ಸಾರ್ವಜನಿಕ ಸ್ಥಳಗಳಲ್ಲಿಯೂ ಇರಿಸಿದ ಗಣಕಗಳ ಮುಂದೆ ವಿದ್ಯಾರ್ಥಿಗಳು ದಾರಿಯಲ್ಲಿ ಹೋಗುವಾಗ ಒಂದು ನಿಮಿಷ ನಿಂತು ತಮಗೆ ಬಂದ ಓಲೆಗಳನ್ನು ನೋಡಿ, ಊಟಕ್ಕೆ ಎಲ್ಲಿ ಸೇರೋಣವೆಂದು ಎರಡು ಸಾಲು ಬರೆದು ಮುಂದಕ್ಕೆ ನಡೆಯುತ್ತಿದ್ದರು. ಅಲ್ಲಿ ಯಂತ್ರವು ಭೇಟಿಯ ದೂತನಾಗಿತ್ತು. ಕಾರಣವೇನೆಂದರೆ, ಅದು ಯಾರ ಜೇಬಿನಲ್ಲಿಯೂ ಇರಲಿಲ್ಲ; ನಿಂತು ನೋಡಿ ಹೊರಟುಬಿಡಬೇಕಾಗಿತ್ತು; ಭೇಟಿಯನ್ನು ಗೊತ್ತುಮಾಡಬಲ್ಲುದಾಗಿತ್ತೇ ಹೊರತು ಭೇಟಿಯ ಬದಲಿಗೆ ತಾನೇ ಕುಳಿತುಕೊಳ್ಳಬಲ್ಲುದಾಗಿರಲಿಲ್ಲ.

೨೦೦೪ನೆಯ ಫೆಬ್ರವರಿ ೪ರಂದು ಹಾರ್ವರ್ಡಿನ ವಿದ್ಯಾರ್ಥಿನಿಲಯವೊಂದರಿಂದ ಹೊರಟ ಫೇಸ್‌ಬುಕ್ಕಿನ ಕಥೆ ಬೇರೆ. ಅದು ಮೊದಲು ಹಾರ್ವರ್ಡಿಗೆ ಮಾತ್ರ ಸೀಮಿತವಾಗಿದ್ದು, ಅನಂತರ ಸ್ಟ್ಯಾನ್‌ಫರ್ಡ್, ಕೊಲಂಬಿಯ, ಯೇಲ್ ಎಂದು ಒಂದೊಂದೇ ಕಾಲೇಜಿಗೆ ಪ್ರವೇಶಿಸುತ್ತ, ೨೦೦೬ನೆಯ ಸೆಪ್ಟೆಂಬರಿನಲ್ಲಿ ಸರ್ವರಿಗೂ ಮುಕ್ತವಾಯಿತು. ಹೀಗೆ ಹಂತಹಂತವಾಗಿ ಹಬ್ಬಿದುದು ಸಂಶೋಧಕರಿಗೆ ವರವಾಯಿತು. ಯಾವ ಕಾಲೇಜಿಗೆ ಅದು ಯಾವಾಗ ಬಂದಿತೆಂಬುದು ಗೊತ್ತಿದ್ದುದರಿಂದ, ಬರುವ ಮೊದಲಿನ ಸ್ಥಿತಿಯನ್ನೂ ಬಂದ ಮೇಲಿನ ಸ್ಥಿತಿಯನ್ನೂ, ಅದು ಇನ್ನೂ ಬಾರದಿದ್ದ ಕಾಲೇಜುಗಳ ಸ್ಥಿತಿಯೊಡನೆ ತೂಗಿ ನೋಡುವುದು ಸಾಧ್ಯವಾಯಿತು. ಬ್ರಾಗಿಯೆರಿ, ಲೆವಿ, ಮಕಾರಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೭೭೫ ಕಾಲೇಜುಗಳ ವಿಷಯದಲ್ಲಿ ಈ ಕಾರ್ಯವನ್ನು ಮಾಡಿ ೨೦೨೨ರಲ್ಲಿ ಪ್ರಕಟಿಸಿದ ಪ್ರಬಂಧದ ನಿರ್ಣಯವು ಆಹ್ಲಾದಕರವಾದುದಲ್ಲ: ಫೇಸ್‌ಬುಕ್ ಬಂದ ಬಳಿಕ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯವು ಕುಂದಿತು, ವಿಷಾದದ ಲಕ್ಷಣಗಳು ಹೆಚ್ಚಿದವು, ತಮ್ಮನ್ನು ಇತರರೊಡನೆ ಹೋಲಿಸಿಕೊಂಡು ಕೊರಗುವುದು ಇದಕ್ಕೆ ಕಾರಣವೆಂದು ಅವರಿಗೆ ಕಂಡಿತು. ಇತರರೆಲ್ಲರೂ ಸದಾ ಉತ್ಸವದಲ್ಲಿರುವರು, ತಾನೊಬ್ಬನೇ ಕೋಣೆಯಲ್ಲಿರುವೆನು ಎಂಬ ಭಾವವು ಹಿಂದೆಯೂ ಇದ್ದಿರಬಹುದು. ಅದಕ್ಕೆ ಪ್ರತಿದಿನವೂ ಚಿತ್ರಸಹಿತವಾದ ಸಾಕ್ಷ್ಯವು ಒದಗುತ್ತಿರಲಿಲ್ಲ.

ಆದರೆ ಇದೇ ಫೇಸ್‌ಬುಕ್ಕನ್ನು ಕುರಿತು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಎಲಿಸನ್, ಸ್ಟೈನ್‌ಫೀಲ್ಡ್, ಲ್ಯಾಂಪ್ ಎಂಬ ಸಂಶೋಧಕರು ತಮ್ಮಲ್ಲಿಯ ೨೮೬ ವಿದ್ಯಾರ್ಥಿಗಳನ್ನು ಪ್ರಶ್ನಿಸಿ ೨೦೦೭ರಲ್ಲಿ, ಪವಾಯಿಯ ಕಟ್ಟಳೆ ಹೊರಟ ವರ್ಷವೇ, ಪ್ರಕಟಿಸಿದ ಬರಹವೊಂದು ಬೇರೆ ಮಾತನ್ನಾಡುತ್ತದೆ. ಆ ಜಾಲವನ್ನು ಹೆಚ್ಚಾಗಿ ಬಳಸುತ್ತಿದ್ದವರಲ್ಲಿ, ನಾನು ಆಗಲೇ ಹೇಳಿದ ಸೇತುವೆಯ ಬಗೆಯ ಸಂಬಂಧಗಳು ಹೆಚ್ಚಾಗಿದ್ದವು. ಅದರಲ್ಲಿಯೂ ತಮ್ಮ ವಿಷಯದಲ್ಲಿ ತಮಗೇ ಹೆಚ್ಚು ಗೌರವವಿಲ್ಲದ ವಿದ್ಯಾರ್ಥಿಗಳಲ್ಲಿ ಈ ನಂಟು ಹೆಚ್ಚು ಗಾಢವಾಗಿತ್ತು. ಎರಡು ಸಂಶೋಧನೆಗಳಲ್ಲಿ ಒಂದು ಸತ್ಯ, ಇನ್ನೊಂದು ಮಿಥ್ಯ ಎಂದು ತೀರ್ಮಾನಿಸಬೇಕಾದ ಅಗತ್ಯವಿಲ್ಲ. ಪರಿಚಿತರ ವಲಯವು ಹಿಗ್ಗುವುದೂ ಅದನ್ನು ನೋಡುತ್ತ ಮನಸ್ಸು ಕುಗ್ಗುವುದೂ ಏಕಕಾಲದಲ್ಲಿ ನಡೆಯಬಲ್ಲವು. ಮದುವೆಯ ಮನೆಯಲ್ಲಿ ಎಲ್ಲರ ಪರಿಚಯವಿದ್ದೂ ಯಾರೊಡನೆಯೂ ಕೂಡದೆ ಕಂಬಕ್ಕೆ ಒರಗಿ ನಿಂತ ಹುಡುಗನನ್ನು ನಾವೆಲ್ಲರೂ ಕಂಡಿರುವೆವು. ಯಂತ್ರವು ಅವನಿಗೆ ಊರಿನ ಮದುವೆಗಳೆಲ್ಲವನ್ನೂ ದಿನವೂ ಕಂಬದ ಬಳಿಯಿಂದಲೇ ತೋರಿಸುತ್ತಿದೆ.

ಪವಾಯಿಯ ಕಟ್ಟಳೆಯಂಥದನ್ನು ಹೊರಡಿಸುವುದೂ ಈಗ ಅಸಾಧ್ಯವಾಗಿದೆ. ತಂತಿಯು ಗೋಡೆಯೊಳಗಿದ್ದಾಗ ಅದನ್ನು ಕತ್ತರಿಸುವ ಅಧಿಕಾರವು ಗೋಡೆಯ ಒಡೆಯನಿಗೆ ಇತ್ತು. ೨೦೧೬ನೆಯ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ಮಾರುಕಟ್ಟೆಗೆ ಇಳಿದು ಮೊದಲ ಕೆಲವು ತಿಂಗಳು ಡೇಟಾವನ್ನು ಪುಕ್ಕಟೆಯಾಗಿಯೇ ಹಂಚಿತು. ಅಲ್ಲಿಯವರೆಗೆ ಒಂದು ಜಿಬಿಗೆ ಇನ್ನೂರಕ್ಕಿಂತ ಹೆಚ್ಚು ರೂಪಾಯಿ ತೆತ್ತು, ತಿಂಗಳ ಕೊನೆಯಲ್ಲಿ ಎಣಿಸಿ ಎಣಿಸಿ ಖರ್ಚುಮಾಡುತ್ತಿದ್ದ ವಿದ್ಯಾರ್ಥಿಗೆ ಅಲ್ಲಿಂದಾಚೆಗೆ ಎಣಿಸುವ ಅಭ್ಯಾಸವೇ ತಪ್ಪಿತು. ಸಿನಿಮಾದ ಕಡತವೊಂದನ್ನು ಪಡೆಯಲು ಪಕ್ಕದ ಕೋಣೆಯವನ ಪೆನ್‌ಡ್ರೈವಿಗಾಗಿ ಬಾಗಿಲು ತಟ್ಟುತ್ತಿದ್ದುದೂ ಅಲ್ಲಿಗೆ ನಿಂತಿತು. ಬಾಗಿಲು ತಟ್ಟಿಸುತ್ತಿದ್ದ ಕೊರತೆಗಳಲ್ಲಿ ಬಹುಶಃ ಅದೇ ಕಡೆಯದು.

ಹಾಗಾದರೆ ಇಂದಿನ ವಿದ್ಯಾರ್ಥಿಯು ಸಮಾಜದಿಂದ ವಿಮುಖನಾಗಿರುವನೆ? ಸಮಾಜಸೇವೆಯ ಹಳೆಯ ಅಳತೆಗೋಲು ರಾಷ್ಟ್ರೀಯ ಸೇವಾ ಯೋಜನೆ. ೧೯೬೯ನೆಯ ಸೆಪ್ಟೆಂಬರ್ ೨೪ರಂದು, ಗಾಂಧೀ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಬಳ್ಳಾರಿಯಿಂದ ಲೋಕಸಭೆಗೆ ಚುನಾಯಿತರಾಗಿ ಕೇಂದ್ರದ ಶಿಕ್ಷಣಮಂತ್ರಿಗಳಾಗಿದ್ದ ವಿ.ಕೆ.ಆರ್.ವಿ. ರಾಯರು ಅದನ್ನು ೩೭ ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ಮೊದಲ ವರ್ಷ ಅದಕ್ಕೆ ಸೇರಿದವರು ಸುಮಾರು ೪೦,೦೦೦ ವಿದ್ಯಾರ್ಥಿಗಳು. ಹಳ್ಳಿಯೊಂದರ ಶಾಲೆಯಲ್ಲಿ ಬೀಡುಬಿಟ್ಟು, ಬೆಳಿಗ್ಗೆ ಚರಂಡಿ ತೋಡಿ, ಸಂಜೆ ಗ್ರಾಮಸ್ಥರ ಮುಂದೆ ನಾಟಕವಾಡಿ, ನೆಲದ ಮೇಲೆ ಜಮಖಾನ ಹಾಸಿಕೊಂಡು ಮಲಗುವ ಆ ವಾರ್ಷಿಕ ಶಿಬಿರವು ಇಂದಿಗೂ ನಡೆಯುತ್ತಿದೆ. ಅದರಲ್ಲಿ ಪ್ರಮಾಣಪತ್ರಕ್ಕಾಗಿ ಬಂದವರೂ ಉಂಟು. ಕೂಡಿ ಅಡುಗೆ ಮಾಡುವುದರ ಸುಖವನ್ನು ಮೊದಲ ಸಲ ಅಲ್ಲಿ ಕಂಡವರೂ ಉಂಟು. ಹೊಸ ಬಗೆಯ ಸೇವೆಯ ಸ್ವರೂಪವು ಬೇರೆ. ೨೦೧೮ನೆಯ ಆಗಸ್ಟಿನಲ್ಲಿ ಕೇರಳವು ಪ್ರವಾಹದಲ್ಲಿ ಮುಳುಗಿದಾಗ, ಆ ರಾಜ್ಯದ ಐಟಿ ಮಿಷನ್ನಿನೊಡನೆ ಸೇರಿ ತರುಣ ಎಂಜಿನಿಯರರೂ ವಿದ್ಯಾರ್ಥಿಗಳೂ ಜಾಲತಾಣವೊಂದನ್ನು ತ್ವರಿತವಾಗಿ ರೂಪಿಸಿ, ಮನೆಯ ಮಾಳಿಗೆಯ ಮೇಲೆ ಸಿಕ್ಕಿಕೊಂಡವರ ಮೊರೆಯನ್ನು ದೋಣಿಯಿದ್ದವರಿಗೆ ತಲುಪಿಸಿದರು. ೨೦೨೧ನೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊರೋನಾ ರೋಗದ ಹಾವಳಿಯಿಂದ ಆಮ್ಲಜನಕಕ್ಕೂ ಆಸ್ಪತ್ರೆಯ ಹಾಸಿಗೆಗೂ ನಗರಗಳೆಲ್ಲ ಪರದಾಡುತ್ತಿದ್ದಾಗ, ಯಾವ ಸಿಲಿಂಡರು ಎಲ್ಲಿ ನಿಜವಾಗಿಯೂ ದೊರೆಯುವುದೆಂದು ಒಂದೊಂದು ಸಂಖ್ಯೆಗೂ ಕರೆಮಾಡಿ ಖಚಿತಪಡಿಸಿಕೊಂಡು ಪಟ್ಟಿಮಾಡುತ್ತ ಎಚ್ಚರವಿದ್ದವರಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಬಹಳ ಮಂದಿ ಇದ್ದರು. ಒಂಟಿ ಕೋಣೆಯಲ್ಲಿ ರಾತ್ರಿಯೆಲ್ಲ ಯಂತ್ರದ ಮುಂದೆ ಕುಳಿತಿರುವುದು ವಿಮುಖತೆಯ ಲಕ್ಷಣವೆಂಬ ಮಾತು ಆ ರಾತ್ರಿಗಳಲ್ಲಿ ಹುರುಳಿಲ್ಲದುದಾಗಿತ್ತು.

ಹೀಗೆ ಕ್ಷಣಾರ್ಧದಲ್ಲಿ ಕೂಡುವುದನ್ನು ಯಂತ್ರವು ಸಾಧಿಸಿಕೊಟ್ಟಿದೆ. ಕೂಡಿ ಉಳಿಯುವುದನ್ನು ಸಾಧಿಸಿಕೊಟ್ಟಿಲ್ಲ. ಆಮ್ಲಜನಕದ ಪಟ್ಟಿಗೆಂದು ಹುಟ್ಟಿದ ವಾಟ್ಸ್‌ಆ್ಯಪ್ ಗುಂಪು ರೋಗ ಇಳಿದೊಡನೆ ಮೌನವಾಯಿತು. ಅದಕ್ಕೊಬ್ಬ ಕಾರ್ಯದರ್ಶಿಯಿರಲಿಲ್ಲ, ನಡವಳಿಯ ಪುಸ್ತಕವಿರಲಿಲ್ಲ, ಮುಂದಿನ ವರ್ಷದವರಿಗೆ ಒಪ್ಪಿಸಿಕೊಡಬೇಕಾದ ಬೀರುವಿನ ಬೀಗದಕೈಯೂ ಇರಲಿಲ್ಲ. ಇದರ ಪಕ್ಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವನ್ನು ಇಟ್ಟು ನೋಡಬಹುದು. ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಆ ಸಂಘವು ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ತ್ರೈಮಾಸಿಕವನ್ನು ಹೊರಡಿಸಿತು; ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು; ಕನ್ನಡದ ಹೊಸ ಸಾಹಿತ್ಯವು ಬೆಳೆದುಬಂದ ಅಂಗಳಗಳಲ್ಲಿ ಅದೂ ಒಂದಾಯಿತು. ಚಂದಾ ಎತ್ತುವುದು, ಕರಡಚ್ಚು ತಿದ್ದುವುದು, ಅಂಚೆಗೆ ಹಾಕುವುದು ಮುಂತಾದ ಬೇಸರದ ಕೆಲಸಗಳನ್ನು ವರ್ಷವರ್ಷವೂ ಮಾಡದೆ ಪತ್ರಿಕೆಯೊಂದು ಬಾಳುವುದಿಲ್ಲ. ಯಂತ್ರವು ನಮ್ಮಿಂದ ತೆಗೆದುಕೊಂಡಿರುವುದು ಮುಖ್ಯವಾಗಿ ಈ ಬೇಸರವನ್ನು ಸಹಿಸುವ ಶಕ್ತಿಯನ್ನೆಂದು ನನಗೆ ತೋರುತ್ತದೆ. ಸಂಘಜೀವನವೆಂಬುದರಲ್ಲಿ ಮುಕ್ಕಾಲು ಪಾಲು ಬೇಸರವೇ ಇರುವುದಷ್ಟೆ.

ಕೊರತೆಯು ಕೂಟವನ್ನು ಕಟ್ಟುತ್ತದೆಂಬುದಕ್ಕೆ ಅತ್ಯಂತ ವಿಚಿತ್ರವಾದ ನಿದರ್ಶನವು ನಮಗೆ ದೊರೆತದ್ದು ಯಂತ್ರವೇ ಸರ್ವಸ್ವವಾಗಿದ್ದ ಕಾಲದಲ್ಲಿ. ೨೦೨೦ನೆಯ ಮಾರ್ಚಿನಲ್ಲಿ ಕಾಲೇಜುಗಳೆಲ್ಲ ಮುಚ್ಚಿದವು. ಪಾಠವು ಜೂಮ್, ಗೂಗಲ್ ಮೀಟ್‌ಗಳ ಪಾಲಾಯಿತು. ಆ ವರ್ಷ ಪದವಿ ತರಗತಿಗೆ ಸೇರಿದವರು ತಮ್ಮ ಸಹಪಾಠಿಗಳನ್ನು ಮೊದಲು ಕಂಡದ್ದು ಅಂಚೆಚೀಟಿಯಷ್ಟಗಲದ ಚೌಕಗಳಲ್ಲಿ, ಅದೂ ಅವರು ಕ್ಯಾಮೆರಾವನ್ನು ತೆರೆದಿದ್ದರೆ. ಪಟ್ಟಣದ ಹುಡುಗನಿಗೆ ಕೋಣೆಯಲ್ಲಿಯೇ ಸಂಕೇತವು ದೊರೆಯುತ್ತಿದ್ದುದರಿಂದ ಅವನು ಕೋಣೆಯಲ್ಲಿಯೇ ಉಳಿದನು. ಮಲೆನಾಡಿನ, ಕರಾವಳಿಯ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಗುಡ್ಡದ ನೆತ್ತಿಗೆ ಹೋದರೆ ಸಿಗುತ್ತಿತ್ತು. ಅಕ್ಕಪಕ್ಕದ ಮನೆಗಳ ಮಕ್ಕಳು ಪುಸ್ತಕ, ಛತ್ರಿ, ಬುತ್ತಿಗಳನ್ನು ಹೊತ್ತು ಗುಡ್ಡವೇರಿ, ಅಡಕೆಯ ದಬ್ಬೆಯನ್ನು ನೆಟ್ಟು ಟಾರ್ಪಾಲು ಕಟ್ಟಿ, ಒಬ್ಬನು ಎಂಜಿನಿಯರಿಂಗಿನ ಪಾಠವನ್ನೂ ಇನ್ನೊಬ್ಬಳು ವಾಣಿಜ್ಯಶಾಸ್ತ್ರದ ಪಾಠವನ್ನೂ ಕೇಳುತ್ತ ಕುಳಿತ ಚಿತ್ರಗಳು ಆಗಿನ ಪತ್ರಿಕೆಗಳಲ್ಲಿ ಅಚ್ಚಾದವು. ಆ ವರ್ಷದ ಮಟ್ಟಿಗೆ ಅಂಗಳವುಳ್ಳ ಕಾಲೇಜು ನಾಡಿನಲ್ಲಿ ಎಲ್ಲಿಯಾದರೂ ಇದ್ದಿದ್ದರೆ ಅದು ಆ ಟಾರ್ಪಾಲಿನ ಕೆಳಗೆ ಇತ್ತು. ಆ ಮಕ್ಕಳ ಕಷ್ಟವನ್ನು ಸೊಗಸಾಗಿಸಿ ಹೇಳುವುದು ನನ್ನ ಉದ್ದೇಶವಲ್ಲ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಪಾಠ ಕೇಳಬೇಕಾದುದು ಲಜ್ಜೆಗೇಡಿನ ವ್ಯವಸ್ಥೆಯೇ ಸರಿ, ಮತ್ತು ಅವರವರ ಮನೆಗೆ ಸಂಕೇತವು ತಲುಪಿದ ದಿನ ಆ ಟಾರ್ಪಾಲನ್ನು ಬಿಚ್ಚಿದ್ದಕ್ಕೆ ಯಾರೂ ಅವರನ್ನು ದೂಷಿಸಲಾರರು.

ಯಂತ್ರದ ಮೇಲೆ ಹೊರಿಸುವ ಅಪವಾದಗಳಲ್ಲಿ ಸ್ವಲ್ಪ ಪಾಲು ವಿದ್ಯಾಸಂಸ್ಥೆಗಳಿಗೂ ಸರ್ಕಾರಗಳಿಗೂ ಸೇರಬೇಕಾದುದು. ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆಗಳನ್ನು ನಿಲ್ಲಿಸಿದ್ದು ೧೯೮೯ರ ಸುಮಾರಿಗೆ. ಆಗ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲೂ ಇರಲಿಲ್ಲ, ಅಂತರ್ಜಾಲವೂ ಇರಲಿಲ್ಲ. ಚುನಾವಣೆಯಲ್ಲಿ ಹೊಡೆದಾಟ, ಹಣದ ಹಾವಳಿ ಇದ್ದುದು ದಿಟ. ಅದನ್ನು ತಿದ್ದುವುದಕ್ಕಿಂತ ನಿಲ್ಲಿಸಿಬಿಡುವುದು ಸುಲಭವೆಂದು ಕಂಡಿತು. ಭಾಷಣ ಕಲಿಯಲೊಂದು ವೇದಿಕೆ, ಸೋಲುವುದನ್ನು ಕಲಿಯಲೊಂದು ಅವಕಾಶ ಹೀಗೆ ತಪ್ಪಿದ ಮೇಲೆ, ಪ್ರಾಂಶುಪಾಲರು ನೇಮಿಸಿದ ತರಗತಿಯ ಪ್ರತಿನಿಧಿಗೆ ಸೂಚನೆಗಳನ್ನು ಮುಂದಕ್ಕೆ ಕಳುಹಿಸುವುದಲ್ಲದೆ ಬೇರೆ ಕೆಲಸವೇನು ಉಳಿಯಿತು? ಸೆಮಿಸ್ಟರ್ ಪದ್ಧತಿಯು ಬಂದು ವರ್ಷವನ್ನು ಎರಡಾಗಿ ಸೀಳಿತು. ಆಂತರಿಕ ಪರೀಕ್ಷೆ, ಅಸೈನ್‌ಮೆಂಟು, ಹಾಜರಾತಿಯ ಲೆಕ್ಕಗಳು ಮಧ್ಯಾಹ್ನಗಳನ್ನು ನುಂಗಿದವು. ಬಿಡುವಿಲ್ಲದೆ ಸಖ್ಯವಿಲ್ಲ. ಉಳಿದ ಚೂರುಪಾರು ಹೊತ್ತಿನಲ್ಲಿ, ಎರಡು ತರಗತಿಗಳ ನಡುವಿನ ಹತ್ತು ನಿಮಿಷದಲ್ಲಿ, ಹಿಡಿಸುವಂತಹ ವಿನೋದವು ಫೋನೊಂದೇ ಆಗಿರುವಾಗ ಅದನ್ನು ಹಿಡಿದವನನ್ನು ಜರೆಯುವುದು ನ್ಯಾಯವಲ್ಲ. ಹಿಡಿದುದನ್ನು ಬಿಡಲಾರದ ಸ್ಥಿತಿಗೆ ಬಂದವರ ಸಂಗತಿ ಬೇರೆ. ಅಂತಹವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ೨೦೧೪ರಲ್ಲಿ ಪ್ರತ್ಯೇಕವಾದ ಚಿಕಿತ್ಸಾಲಯವೊಂದನ್ನು ತೆರೆಯಿತು.

ತಾಲೂಕು ಕೇಂದ್ರಗಳಲ್ಲಿರುವ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕಡೆ ನೋಡಿದರೆ ಈ ಚರ್ಚೆಯೇ ಬೇರೊಂದು ರೂಪವನ್ನು ತಾಳುತ್ತದೆ. ಅಲ್ಲಿ ವಿದ್ಯಾರ್ಥಿನಿಲಯದಲ್ಲಿ ಇರುವವರಿಗಿಂತ ದಿನವೂ ಹಳ್ಳಿಯಿಂದ ಬಂದು ಹೋಗುವವರೇ ಹೆಚ್ಚು. ೨೦೨೩ನೆಯ ಜೂನ್ ೧೧ರಿಂದ ಶಕ್ತಿ ಯೋಜನೆಯು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತವಾಗಿಸಿದ ಮೇಲೆ ಬರುವ ದಾರಿಯು ಸುಗಮವಾಯಿತು. ಆದರೆ ಹಿಂದಿರುಗುವ ಬಸ್ಸಿಗೆ ಹೊತ್ತು ಗೊತ್ತುಂಟು. ಕನ್ನಡ ಸಂಘದ ಸಭೆಯು ನಾಲ್ಕಕ್ಕೆ, ಬಸ್ಸೂ ನಾಲ್ಕಕ್ಕೆ ಎಂದಾದರೆ ಹುಡುಗಿಯು ಯಾವುದನ್ನು ಹಿಡಿಯಬೇಕೆಂಬುದರಲ್ಲಿ ಸಂದೇಹವಿಲ್ಲ. ಅವಳಿಗೆ ರಾತ್ರಿ ಪಾತ್ರೆ ತೊಳೆದ ಮೇಲೆ ಗೆಳತಿಯರೊಡನೆ ಅರ್ಧಗಂಟೆ ಮಾತಾಡಲಿಕ್ಕೆ ಇರುವ ಜಗುಲಿಯು ಫೋನಿನ ಆ ಗುಂಪೇ. ಸಭೆಯನ್ನು ವಾರಕ್ಕೊಂದು ದಿನ ಮಧ್ಯಾಹ್ನ ಎರಡಕ್ಕೆ ಇಟ್ಟುಕೊಳ್ಳುವುದು ವೇಳಾಪಟ್ಟಿಯನ್ನು ತಯಾರಿಸುವವರ ಕೈಯಲ್ಲಿರುವ ಕೆಲಸ. ಅದಕ್ಕೆ ಹಣವೂ ಬೇಡ, ಸರ್ಕಾರದ ಆದೇಶವೂ ಬೇಡ. ಅದರ ಬದಲು ಹಲವು ಕಾಲೇಜುಗಳು ಮಾಡಿರುವುದು ಹೆಬ್ಬಾಗಿಲಿನಲ್ಲಿ ಆವರಣದೊಳಗೆ ಮೊಬೈಲ್ ನಿಷಿದ್ಧವೆಂಬ ಫಲಕವನ್ನು ತೂಗುಹಾಕಿರುವುದು. ಪ್ರವೇಶದ ಅರ್ಜಿಯನ್ನೂ ಪರೀಕ್ಷೆಯ ಶುಲ್ಕವನ್ನೂ ವಿಶ್ವವಿದ್ಯಾನಿಲಯಗಳ ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ ಸಲ್ಲಿಸಬೇಕಾದುದು ಅದೇ ಮೊಬೈಲಿನಿಂದ. ನಾಳೆ ಪಾಠವುಂಟೋ ಇಲ್ಲವೋ ಎಂಬ ಸೂಚನೆಯು ಬರುವುದೂ ಅದೇ ಮೊಬೈಲಿಗೆ. ಮೊಬೈಲನ್ನು ತರಕೂಡದೆಂಬ ಸುತ್ತೋಲೆಯೂ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೇ ಬರುವುದುಂಟು.